ಓಮಾ ಅಲ್ವೀನಾ ಎದ್ದು ಬರಲಿಲ್ಲ

ಆ ವರ್ಷ ಮೇ ತಿಂಗಳಲ್ಲಿ ನಮ್ಮ ಒಕೊಂಬಾಹೆ ಊರಿನ ಚರ್ಚಿನ ಹೆಂಗಸರ ಸಂಘದವರನ್ನು ಸೀಲ್ ಎಂಬ ಕಡಲ ಪ್ರಾಣಿಗಳನ್ನು ನೋಡಲೆಂದು ಕಡಲ ದಂಡೆಗೆ ಕರೆದುಕೊಂಡು ಹೋದವನು ನಾನು. ಚರ್ಚಿನ ಹದಿನಾರು ಸೀಟಿನ ವ್ಯಾನು ಓಡಿಸುವುದು ನನ್ನ ಕೆಲಸ. ಮದುವೆಯಾಗಲಿ, ಮಣ್ಣಾಗಲಿ, ಹೆರಿಗೆಯಾಗಲಿ, ಊರಿಗೆಲ್ಲ ಅದೊಂದೇ ವ್ಯಾನು, ಅದಕ್ಕೆ ಫೆಸ್ಟಸ್ ಉಯ್ಸೆಬ್ ಎಂಬ ನಾನೊಬ್ಬನೇ ಡ್ರೈವರು. ಅರವತ್ತು ದಾಟಿದ ಹದಿನಾಲ್ಕು ಹೆಂಗಸರನ್ನು ಒಂದೇ ಗಾಡಿಯಲ್ಲಿ ತುಂಬಿಕೊಂಡು ಮುನ್ನೂರು ಮೈಲಿ ಹೋಗಿ ಬರುವುದೆಂದರೆ ಏನೆಂದು ಓಡಿಸಿದವನಿಗೇ ಗೊತ್ತು.

ಹೊರಡುವ ಹಿಂದಿನ ಸಂಜೆ ಸಂಘದ ಮುಖ್ಯಸ್ಥೆ ಲೂಕ್ರೇಸಿಯಾ ಹೆಸರಿನ ಪಟ್ಟಿ ತಂದುಕೊಟ್ಟರು. ಕೊನೆಯ ಹೆಸರನ್ನು ನಾನು ಎರಡು ಸಲ ಓದಿದೆ. ಅಲ್ವೀನಾ ಗನುಸೆಸ್.

"ಓಮಾ ಅಲ್ವೀನಾನೂ ಬರ್ತಾರಾ?" ಎಂದೆ. ನಮ್ಮಲ್ಲಿ ವಯಸ್ಸಾದ ಹೆಂಗಸನ್ನು, ಅಜ್ಜಿಯಾಗಿರಲಿ ಇಲ್ಲದಿರಲಿ, ಓಮಾ ಎಂದೇ ಕರೆಯುವುದು.

"ಅವಳೇ ಬಂದು ಬರೆಸಿದ್ಲು. ಯಾಕೆ ಅಂತ ನಾನು ಕೇಳಲಿಲ್ಲ. ನೀನೂ ಕೇಳೋಕೆ ಹೋಗಬೇಡ," ಎಂದರು ಲೂಕ್ರೇಸಿಯಾ.

ಕೇಳುವಂಥದ್ದೇನೋ ಇತ್ತು. ಓಮಾ ಅಲ್ವೀನಾರ ಕಿರಿಮಗ ಗೆರ್ಸನ್ ವಾಲ್ವಿಸ್ ಬೇ ಬಂದರಿನಲ್ಲಿ ಮೀನಿನ ಹಡಗಿಗೆ ಸೇರಿಕೊಂಡವನು. ಹನ್ನೊಂದು ವರ್ಷದ ಹಿಂದೆ ಒಂದು ಬೆಳಗ್ಗೆ ಹಡಗಿನಿಂದ ನೀರಿಗೆ ಬಿದ್ದ. ನಾಲ್ಕು ದಿನ ಹುಡುಕಿದರು. ಹೆಣವಿರಲಿ, ಅವನ ಉಣ್ಣೆಯ ಟೋಪಿ ಕೂಡ ಸಿಗಲಿಲ್ಲ. ಅದಾದ ಮೇಲೆ ಆ ಮನೆಗೆ ಡಬ್ಬಿ ಮೀನು ಸಹ ಬರಲಿಲ್ಲ. ಸಂಘದವರು ಮೂರು ವರ್ಷಕ್ಕೊಮ್ಮೆ ಕಡಲಿಗೆ ಹೋಗುತ್ತಿದ್ದರು. ಆಗೆಲ್ಲ ಓಮಾ, "ನನ್ನ ಆಡುಗಳನ್ನ ಯಾರು ನೋಡ್ಕೋತಾರೆ," ಎಂದು ಉಳಿದುಬಿಡುತ್ತಿದ್ದರು.

ಬೆಳಗ್ಗೆ ಐದಕ್ಕೆ ಹೊರಟೆವು. ಉಯಿಸ್ ಊರು ದಾಟುವವರೆಗೆ ಹಾಡು, ದಾಟಿದ ಮೇಲೆ ತಿಂಡಿ. ಕರಿದ ಹಿಟ್ಟಿನುಂಡೆ, ಬೇಯಿಸಿದ ಮೊಟ್ಟೆ, ತಣ್ಣಗಾದ ಆಡಿನ ಮಾಂಸ. ಬೇಡವೆಂದರೂ ಹಿಂದಿನಿಂದ ನನ್ನ ಬಾಯಿಗೇ ತುರುಕುವವರು ಒಬ್ಬರಲ್ಲ ಇಬ್ಬರಲ್ಲ. ಓಮಾ ಅಲ್ವೀನಾ ನನ್ನ ಹಿಂದಿನ ಸೀಟಿನಲ್ಲಿ ಕಪ್ಪು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಸಂಘದ ಕಪ್ಪು ಲಂಗ, ಬಿಳಿ ಕಾಲರು, ತಲೆಗೆ ಬಿಗಿದ ವಸ್ತ್ರ. ಹಾಡಿಗೆ ದನಿಗೂಡಿಸಿದರು, ಒಂದು ಮೊಟ್ಟೆ ತಿಂದರು, ಸಿಪ್ಪೆಯನ್ನು ಕಾಗದದಲ್ಲಿ ಮಡಚಿ ಚೀಲದಲ್ಲಿಟ್ಟುಕೊಂಡರು.

ದಂಡೆಯ ಊರು ಹೆಂಟೀಸ್ ಬೇ ಹತ್ತಿರವಾಗುತ್ತಿದ್ದಂತೆ ಮಂಜು ಮುಸುಕಿತು. ಅಲ್ಲಿಂದ ಬಲಕ್ಕೆ ತಿರುಗಿ, ಟಾರಿನ ಬದಲು ಉಪ್ಪುನೀರು ಹಾಕಿ ಗಟ್ಟಿ ಮಾಡಿದ ಉಪ್ಪಿನ ರಸ್ತೆ ಹಿಡಿದರೆ ಎಡಗಡೆಗೆ ಕಡಲು. ಹೆಂಗಸರೆಲ್ಲ ಎಡಗಡೆ ಕಿಟಕಿಗೆ ಒರಗಿದರು, ವ್ಯಾನೇ ಒಂದು ಕಡೆ ವಾಲಿತು. ನಾನು ಕನ್ನಡಿಯಲ್ಲಿ ನೋಡಿದೆ. ಓಮಾ ಅಲ್ವೀನಾ ಬಲಗಡೆಯ ಕಿಟಕಿಯಾಚೆ, ಬರೀ ಜಲ್ಲಿ ಹರಡಿದ ಬಯಲನ್ನು ನೋಡುತ್ತ ಕೂತಿದ್ದರು.

ಆ ಸೀಲ್‌ಗಳ ಜಾಗಕ್ಕೆ ಊರಿನವರು ಬರೀ ಕೇಪ್, ಅಂದರೆ ಭೂಶಿರ, ಎನ್ನುತ್ತಾರೆ. ಸರ್ಕಾರ ಕಾಯ್ದಿಟ್ಟ ಜಾಗ. ಗೇಟಿನ ಪಕ್ಕದ ಕೋಣೆಯಲ್ಲಿ ಹಸಿರು ಸಮವಸ್ತ್ರದ ಒಬ್ಬಳು ಹುಡುಗಿ, ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು, ನಮ್ಮ ಹೆಸರು ಬರೆದುಕೊಂಡಳು. ಎದೆಯ ಮೇಲೆ ಹಿಲ್ಯಾ ಎಂಬ ಪಟ್ಟಿ. ಉತ್ತರದ ಒವಾಂಬೊ ಸೀಮೆಯವಳು. ದೊಡ್ಡ ಹೆಂಗಸರನ್ನೆಲ್ಲ 'ಮೇಮೆ' ಎಂದೂ ನನ್ನನ್ನು 'ತಾತೆ' ಎಂದೂ ಕರೆದಳು. ಅಮ್ಮ, ಅಪ್ಪ ಎಂದ ಹಾಗೆ.

"ಹಲಗೆ ದಾರಿ ಬಿಟ್ಟು ಕೆಳಗಿಳೀಬೇಡಿ ಮೇಮೆ. ಕಲ್ಲು ಗಿಲ್ಲು ಎಸೀಬೇಡಿ. ತಿನ್ನೋಕೆ ಏನೂ ಹಾಕಬೇಡಿ," ಎಂದಳು.

"ಹಾಕೋದಾ? ನಮಗೇ ಸಾಲಲ್ಲ," ಎಂದರು ಎಲ್ಫ್ರೀಡಾ. ಅವರು ಸಂಘದ ಬಾಯಿ. ಅವರಿರುವ ಕಡೆ ರೇಡಿಯೋ ಬೇಕಾಗಿಲ್ಲ.

ವ್ಯಾನಿನ ಬಾಗಿಲು ತೆರೆದೊಡನೆ ನಾತ ಒಳಗೆ ನುಗ್ಗಿತು. ಎಲ್ಲರೂ ಶಾಲು ಮೂಗಿಗೆ ಒತ್ತಿಕೊಂಡರು.

"ನನ್ನ ಗಂಡ ಕುಡಿದು ಬಂದು ಮೂರು ದಿನ ಬೂಟು ಬಿಚ್ಚದೆ ಮಲಗಿದಾಗ್ಲೂ ಹಿಂಗೆ ನಾರಿರಲಿಲ್ಲ," ಎಂದರು ಎಲ್ಫ್ರೀಡಾ.

"ಸತ್ತವರ ಬಗ್ಗೆ ಹಾಗೆಲ್ಲ ಮಾತಾಡಬಾರದು," ಎಂದು ಲೂಕ್ರೇಸಿಯಾ ಗದರಿದರು.

"ಬದುಕಿದ್ದಾಗ್ಲೂ ಅವರ ಮುಂದೇನೇ ಹೇಳ್ತಿದ್ದೆ. ಅವರೂ ನಗ್ತಿದ್ರು."

ದಂಡೆಯುದ್ದಕ್ಕೂ ಸೀಲ್‌ಗಳು. ಬಂಡೆಯ ಮೇಲೆ, ಮರಳಿನ ಮೇಲೆ, ಅಲೆಯೊಳಗೆ, ಹಲಗೆ ದಾರಿಯ ಕೆಳಗಿನ ನೆರಳಿನಲ್ಲಿ, ಒಂದರ ಮೈಮೇಲೆ ಒಂದು. ಆಕಳಿಸುತ್ತವೆ, ತುರಿಸಿಕೊಳ್ಳುತ್ತವೆ, ಪಕ್ಕದ್ದು ಕಾಲು ಚಾಚಿದರೆ ಕಚ್ಚಲು ಹೋಗುತ್ತವೆ. ಆರು ತಿಂಗಳ ಮರಿಗಳು ತಾಯಿಯನ್ನು ಕೂಗುತ್ತವೆ. ಮೀನು ಹಿಡಿಯಲು ಹೋದ ತಾಯಿ ನೀರಿನಿಂದೇಳುತ್ತಲೇ ತಾನೂ ಕೂಗುತ್ತದೆ. ಅಷ್ಟು ಸಾವಿರ ದನಿಯಲ್ಲಿ ತನ್ನ ಮರಿಯದನ್ನು ಗುರುತು ಹಿಡಿದು, ಅಡ್ಡ ಬಂದ ಬೇರೆ ಮರಿಗಳನ್ನು ಮೂತಿಯಿಂದ ತಳ್ಳುತ್ತ ನಡೆಯುತ್ತದೆ. ಓಮಾ ಅಲ್ವೀನಾ ಕಟಕಟೆಗೆ ಕೈಯಿಟ್ಟು ಬಹಳ ಹೊತ್ತು ಕೇಳಿಸಿಕೊಂಡರು.

"ಸಾಯಂಕಾಲದ ದೊಡ್ಡಿ ಸದ್ದು," ಎಂದರು.

ಹೌದು, ಥೇಟ್ ಆಡಿನ ದೊಡ್ಡಿಯದೇ ಸದ್ದು. ಅದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಎರಡು ಗಂಟೆಗೆ ಹೊರಡಬೇಕೆಂದು ಮೊದಲೇ ಮಾತಾಗಿತ್ತು. ಉಪ್ಪಿನ ರಸ್ತೆಗೆ ಸಂಜೆಯ ಮಂಜು ಬಿದ್ದರೆ ಸೋಪು ಸವರಿದಂತಾಗುತ್ತದೆ. ನಾನು ಹಾರ್ನ್ ಹೊಡೆದೆ. ಹದಿಮೂರು ಜನ ಬಂದು ಕೂತರು. ಓಮಾ ಅಲ್ವೀನಾ ಬರಲಿಲ್ಲ.

ಹಲಗೆ ದಾರಿಯ ತುದಿಯಲ್ಲಿ ಅವರು ನೆಲಕ್ಕೇ ಕೂತುಬಿಟ್ಟಿದ್ದರು, ಕಾಲು ಮಡಚಿ, ಕಟಕಟೆಯ ಸಂದಿಗೆ ಮುಖ ಒತ್ತಿ.

"ಓಮಾ, ಹೊತ್ತಾಯ್ತು."

"ಅಲ್ನೋಡು."

ಅವರ ಬೆರಳು ತೋರಿದ ಕಡೆ, ಹತ್ತು ಹನ್ನೆರಡು ಹೆಜ್ಜೆ ದೂರದಲ್ಲಿ, ಒಂದು ಸೀಲ್ ಒಂಟಿಯಾಗಿ ಬಿದ್ದಿತ್ತು. ಮರಿಯಲ್ಲ, ಬೆಳೆದದ್ದೂ ಅಲ್ಲ. ಒಂದೂವರೆ ವರ್ಷದ್ದಿರಬೇಕು. ಕತ್ತಿನಲ್ಲಿ ಹಸಿರು ಬಲೆಯ ದಾರ. ಚಿಕ್ಕದಿದ್ದಾಗ ಹೇಗೋ ಸಿಕ್ಕಿಕೊಂಡದ್ದು, ಮೈ ಬೆಳೆದಂತೆ ಒಳಕ್ಕೆ ಇಳಿದಿತ್ತು. ಸುತ್ತಲೂ ಚರ್ಮ ಬಾಯಿಬಿಟ್ಟು, ಕೆಂಪು ಮಾಂಸದ ನಡುವೆ ದಾರ ಅಲ್ಲಲ್ಲಿ ಮಾತ್ರ ಕಾಣುತ್ತಿತ್ತು. ತಲೆ ಎತ್ತಲು ನೋಡಿತು. ಅರ್ಧಕ್ಕೆ ನಿಲ್ಲಿಸಿ ಮತ್ತೆ ಕೆಳಗಿಟ್ಟಿತು.

"ಅಯ್ಯೋ ಪಾಪ," ಎಂದೆ. "ಗೇಟಿನ ಹುಡುಗಿಗೆ ಹೇಳಿ ಹೋಗೋಣ, ಬನ್ನಿ."

"ನೀವು ಹೋಗಿ. ಅದನ್ನ ಬಿಚ್ಚಿದ ಮೇಲೆ ನಾನು ಬರ್ತೀನಿ."

"ಹೆಂಗೆ ಬರ್ತೀರಾ? ಊರು ಇಲ್ಲೇ ಇದೆಯಾ?"

"ಅದನ್ನ ಆಮೇಲೆ ನೋಡೋಣ."

ನಾನು ಲೂಕ್ರೇಸಿಯಾರನ್ನು ಕರೆತಂದೆ. ಲೂಕ್ರೇಸಿಯಾ ಬಂದರೆಂದು ಎಲ್ಫ್ರೀಡಾ ಬಂದರು, ಅವರ ಹಿಂದೆ ಉಳಿದವರೂ ಬಂದರು. ಹಲಗೆಯ ಮೇಲೆ ಪಂಚಾಯತಿಯೇ ಕೂಡಿತು.

"ಅಲ್ವೀನಾ, ಹದಿನಾಲ್ಕು ಜನರನ್ನ ಕಾಯಿಸ್ತಿದೀಯ," ಎಂದರು ಲೂಕ್ರೇಸಿಯಾ.

"ಹದಿಮೂರು. ನನ್ನನ್ನ ನಾನು ಕಾಯಿಸ್ಕೊಳ್ಳಲ್ಲ."

"ಇಲ್ಲಿ ಲಕ್ಷಗಟ್ಟಲೆ ಇವೆಯಂತೆ. ಒಂದಕ್ಕೆ ಹಿಂಗಾದ್ರೆ ನಾವೇನು ಮಾಡೋಕಾಗುತ್ತೆ?"

"ಲಕ್ಷಕ್ಕೆ ನಾನೂ ಏನೂ ಮಾಡಕ್ಕಾಗಲ್ಲ. ಇದು ಒಂದೇ ಅಲ್ವಾ."

ಅಷ್ಟರಲ್ಲಿ ಯಾರೋ ಹಿಲ್ಯಾಳನ್ನು ಕರೆದಿದ್ದರು. ಅವಳು ಓಡಿ ಬಂದು ಕಟಕಟೆಯಿಂದ ಬಗ್ಗಿ ನೋಡಿದಳು. ನೋಡಿದೊಡನೆ, "ಬಂದುಬಿಟ್ಟಿದೆ," ಎಂದಳು, ಮೆಲ್ಲಗೆ, ತನಗೇ ಹೇಳಿಕೊಂಡಂತೆ. ಮೂರು ದಿನದ ಹಿಂದೆ ಅದನ್ನು ಕಂಡಿದ್ದಳಂತೆ. ದಾರ ಕತ್ತರಿಸುವುದನ್ನೇ ಕೆಲಸವಾಗಿ ಮಾಡಿಕೊಂಡ ಒಂದು ತಂಡ ದಕ್ಷಿಣದಲ್ಲಿದೆ. ಅವರಿಗೆ ಹೇಳಿಯೂ ಇದ್ದಳು. ಅವರು ಬರುವುದು ನಾಡಿದ್ದು.

"ಎರಡು ದಿನದಿಂದ ಹುಡುಕ್ತಿದ್ದೆ ಮೇಮೆ, ಕಾಣಿಸಲಿಲ್ಲ. ಇವತ್ತು ಬಂದಿದೆ. ನಾಡಿದ್ದು ಇಲ್ಲೇ ಇರುತ್ತೋ ಇಲ್ವೋ ಹೇಳಕ್ಕಾಗಲ್ಲ."

"ಹಾಗಾದ್ರೆ ನೀನೇ ಬಿಚ್ಚು," ಎಂದರು ಓಮಾ ಅಲ್ವೀನಾ.

"ನನಗೆ ಬರುತ್ತೆ. ಹೋದ ವರ್ಷ ಅವರ ಜೊತೆ ಕಲಿತಿದೀನಿ. ಆದ್ರೆ ಒಬ್ಬಳಿಂದ ಆಗಲ್ಲ, ಇಬ್ಬರು ಬೇಕು. ನನ್ನ ಜೊತೆಯವನು ನೀರಿನ ಗಾಡಿ ತಗೊಂಡು ಹೋಗಿದಾನೆ, ಸಂಜೆಗೆ ಬರ್ತಾನೆ. ಹೊರಗಿನವರನ್ನ ಕೆಳಗೆ ಇಳಿಸೋ ಹಾಗಿಲ್ಲ."

ಲೂಕ್ರೇಸಿಯಾ ಆ ಹುಡುಗಿಯನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಹೇಳಿದರು, "ನೀನು ತಪ್ಪು ತಿಳ್ಕೋಬೇಡ ಮಗಳೇ. ಇವಳ ಮಗ ಇದೇ ಕಡಲಲ್ಲಿ ಹೋದ. ಹೆಣಾನೂ ಸಿಗಲಿಲ್ಲ. ಅದಕ್ಕೇ ಇವಳು ಹಿಂಗೆ..."

ಲೂಕ್ರೇಸಿಯಾರ ತಗ್ಗಿದ ದನಿ ಎಂದರೆ ಮೂರು ಮನೆ ಆಚೆ ಕೇಳುವಂಥದ್ದು. ಓಮಾ ಅಲ್ವೀನಾ ಮುಖ ತಿರುಗಿಸಿದರು. ಕೋಪವೇನೂ ಇರಲಿಲ್ಲ.

"ನನ್ನ ಮಗನ್ನ ಇದರೊಳಗೆ ತರಬೇಡ ಲೂಕ್ರೇಸಿಯಾ. ನನ್ನ ಮಗ ನನ್ನ ಮಗ. ಇದು ಕತ್ತಿಗೆ ದಾರ ಬಿಗಿದ ಪ್ರಾಣಿ. ಅದನ್ನ ಬಿಚ್ಚಬೇಕು ಅನ್ನೋಕೆ ಯಾರದ್ದಾದರೂ ಮಗ ಸತ್ತಿರಬೇಕಾ?"

ಹಿಲ್ಯಾ ಓಮಾರನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ದೂರ ಹೋಗಿ ಫೋನಿನಲ್ಲಿ ಮಾತಾಡಿದಳು. ಅವಳ ಮಾತಿಗಿಂತ ಸುಮ್ಮನೆ ಕೇಳಿಸಿಕೊಂಡದ್ದೇ ಹೆಚ್ಚು. ವಾಪಸು ಬಂದು, "ಕಾಯಬೇಕು ಅಂದ್ರು ಮೇಲಿನವರು," ಎಂದಳು. ಫೋನನ್ನು ಜೇಬಿಗೆ ಹಾಕಿಕೊಂಡಳು. ಟೋಪಿ ತೆಗೆದು ಮತ್ತೆ ಹಾಕಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ತಾತೆ, ನೀವು ಯಾವತ್ತಾದ್ರೂ ಪ್ರಾಣಿ ಹಿಡಿದಿದೀರಾ?"

ನಾನು ಬಾಯಿ ತೆರೆಯುವ ಮೊದಲೇ ಓಮಾ ಅಲ್ವೀನಾ ಹೇಳಿದರು, "ಇವನು ಆಡು ಹಿಡಿಯೋದನ್ನ ನಾನು ನೋಡಿದೀನಿ. ಚೆನ್ನಾಗೇನೂ ಹಿಡಿಯಲ್ಲ. ಆದ್ರೆ ಹಿಡಿದ ಮೇಲೆ ಬಿಡಲ್ಲ."

ಹೀಗೆ ಐವತ್ತೆಂಟನೆಯ ವಯಸ್ಸಿನಲ್ಲಿ ನಾನು ಸೀಲ್ ಹಿಡಿಯಲು ಇಳಿದೆ. ಹಿಲ್ಯಾ ಕೋಣೆಯಿಂದ ಉದ್ದ ಹಿಡಿಯ ಬಲೆ, ತುದಿ ಕೊಕ್ಕೆಯಂತೆ ಬಾಗಿದ ಚೂರಿ, ದಪ್ಪ ಚರ್ಮದ ಕೈಗವಸುಗಳನ್ನು ತಂದಳು. ಹಲಗೆ ದಾರಿಯ ಬದಿಯ ಚಿಕ್ಕ ಬಾಗಿಲಿನಿಂದ ಇಬ್ಬರೂ ಕೆಳಗಿಳಿದೆವು. ಮೇಲಿನಿಂದ ನೋಡಿದಾಗ ಸೋಮಾರಿಗಳಂತೆ ಕಂಡ ಪ್ರಾಣಿಗಳು, ಅವುಗಳ ಮಟ್ಟಕ್ಕೆ ಇಳಿದ ಮೇಲೆ ಬೇರೆಯೇ ಆಗಿದ್ದವು. ಒಂದು ದೊಡ್ಡ ಹೆಣ್ಣು ಸೀಲ್ ಹಲ್ಲು ಬಿಟ್ಟು ನನ್ನ ಮೊಣಕಾಲಿನ ಕಡೆ ನುಗ್ಗಿ ಬಂತು. ಹಿಲ್ಯಾ ಬಲೆಯ ಹಿಡಿಯನ್ನು ಅಡ್ಡ ಇಟ್ಟು ಸಮಾಧಾನವಾಗಿ, "ಹೋಗಮ್ಮಾ, ಹೋಗು, ನಿನಗಲ್ಲ," ಎಂದು ಸರಿಸಿದಳು.

"ಅದರ ಕಣ್ಣಿಗೆ ಕಣ್ಣು ಕೊಡಬೇಡ ಫೆಸ್ಟಸ್," ಎಂದು ಮೇಲಿನಿಂದ ಓಮಾರ ದನಿ. "ನೀರಿನ ಕಡೆಯಿಂದ ಸುತ್ತಿಕೊಂಡು ಬಾ. ಓಡೋ ದಾರಿ ಮೊದಲು ಮುಚ್ಚು."

"ಮೇಮೆ ಹೇಳ್ತಿರೋದು ಸರಿ," ಎಂದಳು ಹಿಲ್ಯಾ. "ಯಾರು ಕಲಿಸಿದ್ರು ಅವರಿಗೆ?"

"ಆಡುಗಳು," ಎಂದೆ.

ಮೊದಲನೆಯ ಸಲ ಆಗಲಿಲ್ಲ. ತಪ್ಪು ನನ್ನದೇ. ನೀರಿನ ಕಡೆ ಸುತ್ತಿ ಬರುವಾಗ ಪಾಚಿಯ ಮೇಲೆ ಕಾಲು ಜಾರಿ ಕೂತುಬಿಟ್ಟೆ. ಆ ಸದ್ದಿಗೆ ಮೂವತ್ತು ನಲವತ್ತು ಸೀಲ್‌ಗಳು ಒಟ್ಟಿಗೆ ಎದ್ದು ನೀರಿಗೆ ನುಗ್ಗಿದವು. ನಮ್ಮದೂ ಅವುಗಳ ನಡುವೆ ಹೋಯಿತು. ನನ್ನ ಪ್ಯಾಂಟಿಗೆ ಹತ್ತಿದ ಹೊಲಸನ್ನು ವರ್ಣಿಸುವುದಿಲ್ಲ. ಮೇಲೆ ಎಲ್ಫ್ರೀಡಾ ಏನೋ ಹೇಳಲು ಬಾಯಿ ತೆರೆದರು. ಓಮಾ ಅಲ್ವೀನಾ ಕೈ ಎತ್ತಿದರು.

"ಯಾರೂ ಮಾತಾಡಬೇಡಿ. ಎಲ್ಲರೂ ಕೂತ್ಕೊಳ್ಳಿ. ಸುಸ್ತಾಗಿದೆ ಅದು, ನೀರಲ್ಲಿ ಇರೋಕಾಗಲ್ಲ. ಬರುತ್ತೆ."

"ಎಷ್ಟೊತ್ತು?" ಎಂದರು ಲೂಕ್ರೇಸಿಯಾ.

"ಬರೋವರೆಗೂ."

ಕೂತರು. ಮಂಡಿನೋವಿನವರು, ಬೆನ್ನುನೋವಿನವರು, ಸಕ್ಕರೆ ಕಾಯಿಲೆಯವರು, ಹದಿನಾಲ್ಕೂ ಜನ ಕಪ್ಪು ಲಂಗ ಮಡಚಿಕೊಂಡು ಆ ಹಲಗೆಗಳ ಮೇಲೆ ಸಾಲಾಗಿ ಕೂತರು. ನಾನೂ ಹಿಲ್ಯಾಳೂ ಕೆಳಗೆ, ದಾರಿಯ ಕಂಬಕ್ಕೆ ಒರಗಿ, ಮಿಸುಕದೆ ಕೂತೆವು. ಎಲ್ಫ್ರೀಡಾ ಮುಕ್ಕಾಲು ಗಂಟೆ ಒಂದು ಮಾತೂ ಆಡಲಿಲ್ಲ. ಆಮೇಲೆ ಊರಿನಲ್ಲಿ ಇದನ್ನು ಹೇಳಿದಾಗ ಜನ ಸೀಲಿನ ವಿಷಯ ನಂಬಿದರು, ಇದನ್ನು ನಂಬಲಿಲ್ಲ.

ಕಾಯುವಾಗ ಹಿಲ್ಯಾ ಪಿಸುಗುಟ್ಟಿದಳು, "ತಾತೆ, ಇದು ಗೊತ್ತಾದ್ರೆ ನನಗೆ ತೊಂದರೆ ಆಗುತ್ತೆ."

"ನಾವು ಯಾರಿಗೂ ಹೇಳಲ್ಲ."

"ನಾನೇ ಹೇಳ್ತೀನಿ. ದಿನಚರಿ ಪುಸ್ತಕದಲ್ಲಿ ಬರೀಬೇಕಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಮೂರು ದಿನದಿಂದ ಅದರ ಕತ್ತೇ ಕಣ್ಣಮುಂದೆ ಬರ್ತಿತ್ತು. ನಿಮ್ಮ ಮೇಮೆ ಕೂರದೇ ಇದ್ದಿದ್ರೆ ಇವತ್ತೂ ನಾನು ಕಾಯ್ತಿದ್ದೆ ಅನ್ಸುತ್ತೆ," ಎಂದಳು.

ಅದು ಬಂತು. ಅಲೆಯೊಂದು ತಂದು ಹಾಕಿದಂತೆ ಬಂಡೆಯ ಅಂಚಿಗೆ ಬಂದು, ಸ್ವಲ್ಪ ತೆವಳಿ, ನಿಂತು, ಮತ್ತೆ ತೆವಳಿ, ಮೊದಲು ಮಲಗಿದ್ದಲ್ಲಿಗೇ ಬಂದು ಕತ್ತು ಚೆಲ್ಲಿತು. ಓಮಾ ಅಲ್ವೀನಾ ತುಟಿ ಅಲ್ಲಾಡಿಸದೆ, "ಈಗಲ್ಲ," ಎಂದರು. ಅದರ ಕಣ್ಣು ಮುಚ್ಚಿತು. "ಈಗಲೂ ಅಲ್ಲ." ಪಕ್ಕದ ಎರಡು ಸೀಲ್‌ಗಳು ಹೊರಳಿ ದೂರವಾದವು. "ಈಗ ಹೋಗು ಫೆಸ್ಟಸ್."

ನಾನು ನೀರಿನ ಕಡೆ ನಿಂತೆ. ಹಿಲ್ಯಾ ಎರಡೇ ಹೆಜ್ಜೆಯಲ್ಲಿ ಹಾರಿ ಬಲೆ ಹಾಕಿದಳು. ಅದು ಇಷ್ಟೇ ಇಷ್ಟು ಎಂದುಕೊಂಡಿದ್ದೆ. ಅದರ ಮೈಯಲ್ಲಿದ್ದ ಬಲ ಒಂದು ಹೋತಕ್ಕಿಂತ ಹೆಚ್ಚು. ನಾನು ಬಲೆಯ ಮೇಲೆ ಮೊಣಕಾಲೂರಿ ಅದರ ತಲೆಯ ಹಿಂಭಾಗವನ್ನು ಒತ್ತಿ ಹಿಡಿದೆ. ಹಿಲ್ಯಾ ಹೇಳುತ್ತಲೇ ಇದ್ದಳು, "ಇನ್ನೂ ಕೆಳಗೆ ತಾತೆ, ಬಾಯಿಂದ ದೂರ, ಬಾಯಿಂದ ದೂರ." ನಾನು ಕೈ ಸರಿಸುವಷ್ಟರಲ್ಲಿ ಅದು ಕತ್ತು ತಿರುಗಿಸಿ ನನ್ನ ಎಡಗೈಯ ಉಂಗುರ ಬೆರಳನ್ನು ಕೈಗವಸಿನ ಸಮೇತ ಕಚ್ಚಿತು. ಕೂಗಿದೆನೋ ಇಲ್ಲವೋ ನೆನಪಿಲ್ಲ. ಕೂಗಿದೆ ಎಂದು ಎಲ್ಫ್ರೀಡಾ ಹೇಳುತ್ತಾರೆ. ಆದರೆ ಬಿಡಲಿಲ್ಲ.

ಹಿಲ್ಯಾ ಕೊಕ್ಕೆಯನ್ನು ಗಾಯದೊಳಗೆ ಇಳಿಸಿದಳು. ಕೊಳೆತ ಮಾಂಸದ ವಾಸನೆ ಎದ್ದು, ಅಷ್ಟು ಹೊತ್ತೂ ಇದ್ದ ನಾತ ಅದರ ಮುಂದೆ ಏನೂ ಅಲ್ಲವೆನಿಸಿತು. ಒಂದು ಎಳೆ ತುಂಡಾಯಿತು. ಇನ್ನೊಂದು ಎಳೆ. ಮೂರನೆಯದಕ್ಕೆ ಅವಳು ಎರಡೂ ಕೈ ಹಾಕಿ ಎಳೆಯಬೇಕಾಯಿತು. ದಾರ ಕಳಚಿ ಅವಳ ಕೈಗೆ ಬಂತು, ಅದಕ್ಕೆ ಕೂದಲು ಅಂಟಿಕೊಂಡಿತ್ತು. "ಬಿಡಿ," ಎಂದಳು. ಇಬ್ಬರೂ ಹಿಂದಕ್ಕೆ ಉರುಳಿದೆವು. ಬಲೆಯಿಂದ ಹೊರಬಂದ ಸೀಲ್ ಒಂದು ಸಲ ತಲೆ ಪೂರ್ತಿ ಎತ್ತಿತು, ಕತ್ತನ್ನು ಅತ್ತ ಇತ್ತ ಆಡಿಸಿತು, ಸೀನಿತು, ಬಂಡೆ ಇಳಿದು ನೀರಿಗೆ ಹೋಯಿತು. ನಮ್ಮ ಕಡೆ ನೋಡಲೂ ಇಲ್ಲ.

ಮೇಲೆ ಹೆಂಗಸರು ಚಪ್ಪಾಳೆ ತಟ್ಟಲಿಲ್ಲ, ಕೂಗಲಿಲ್ಲ. ಲೂಕ್ರೇಸಿಯಾ ಅಳುತ್ತಿದ್ದರು. ಎದ್ದು ನಿಂತು ಓಮಾ ಅಲ್ವೀನಾಗೆ ಕೈ ಕೊಟ್ಟು ಎಬ್ಬಿಸಿದವರೂ ಅವರೇ.

"ಕಾಲು ಜೋಮು ಹಿಡಿದುಬಿಟ್ಟಿದೆ," ಎಂದರು ಓಮಾ. "ನಿಧಾನ."

ಹಿಲ್ಯಾ ಕೈಗವಸು ಕಳಚಿ ನನ್ನ ಬೆರಳು ನೋಡಿದಳು. ಸೀಲ್ ಕಚ್ಚಿದರೆ ಬೆರಳು ಒಳಗೊಳಗೇ ಕೊಳೆಯುತ್ತದೆ, ಇವತ್ತೇ ಸೂಜಿ ಆಗಬೇಕು ಎಂದಳು. ಉಪ್ಪುನೀರಿನಲ್ಲಿ ತೊಳೆದು, ಕಟ್ಟು ಹಾಕಿ, ಕ್ಲಿನಿಕ್ಕಿಗೆ ತಾನೇ ಫೋನು ಮಾಡಿದಳು. ನಾನು ಒಂದೂವರೆ ಕೈಯಲ್ಲಿ ಹೆಂಟೀಸ್ ಬೇಯವರೆಗೆ ಓಡಿಸಿದೆ. ಅಂದು ಊರಿಗೆ ಹೋಗುವ ಮಾತೇ ಇರಲಿಲ್ಲ. ಅಲ್ಲಿನ ಚರ್ಚಿನ ಪಾದ್ರಿಗೆ ಲೂಕ್ರೇಸಿಯಾ ದಾರಿಯಲ್ಲೇ ಹೇಳಿ ಸಭಾಂಗಣ, ಕಂಬಳಿ, ಸೂಪು ಎಲ್ಲ ಗೊತ್ತು ಮಾಡಿಯಾಗಿತ್ತು.

ಉಳಿದವರು ಅಲ್ಲಿಗೆ ಹೋದರು. ಓಮಾ ಅಲ್ವೀನಾ ನನ್ನ ಜೊತೆ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತರು. ನರ್ಸು ಸೂಜಿ ಹಾಕಿ, ಇನ್ನೊಂದು ಸೂಜಿಗೆ ಅರ್ಧ ಗಂಟೆ ಕಾಯಿರಿ ಎಂದು ಹೋಗಿದ್ದಳು. ಕಿಟಕಿಯಾಚೆ ಕಡಲು ಕಾಣುತ್ತಿತ್ತು. ಮಂಜು ಸರಿದಿತ್ತು, ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇತ್ತು.

"ನೋವಾ?" ಎಂದರು.

"ಹೂಂ."

"ಆಗಲೇಬೇಕು. ಅಷ್ಟು ಹಲ್ಲಿದೆಯಲ್ಲ ಅದಕ್ಕೆ."

ಲೂಕ್ರೇಸಿಯಾ ಕೇಳಬೇಡವೆಂದಿದ್ದರು. ಆದರೆ ಬೆರಳು ಕೊಟ್ಟವನಿಗೆ ಅಷ್ಟಾದರೂ ಹಕ್ಕಿದೆ ಎನಿಸಿತು. "ಓಮಾ, ನೀವು ಯಾಕೆ ಬಂದ್ರಿ?"

ಅವರು ಚೀಲದಿಂದ ಮೊಟ್ಟೆ ಸಿಪ್ಪೆಯ ಕಾಗದ ತೆಗೆದು, ಮೂಲೆಯ ಬುಟ್ಟಿಗೆ ಹಾಕಿ ಬಂದು ಕೂತರು.

"ಅವನು ಎಲ್ಲಿದಾನೆ ಅಂತ ನೋಡೋಕೆ. ಹನ್ನೊಂದು ವರ್ಷದಿಂದ ಕಡಲು ಅಂದ್ರೆ ನನ್ನ ತಲೇಲಿ ಒಂದು ಬಾವಿ. ಕಪ್ಪಗೆ, ಸದ್ದೇ ಇಲ್ಲದ್ದು. ಅದರ ತಳದಲ್ಲಿ ಅವನೊಬ್ಬನೇ. ಕಣ್ಣು ಮುಚ್ಚಿದ್ರೆ ಅದೇ. ಎಪ್ಪತ್ತೊಂದಾಯ್ತಲ್ಲ ನನಗೆ, ನೋಡದೇ ಸಾಯೋದು ಬೇಡ ಅನ್ನಿಸ್ತು." ಕಿಟಕಿಯ ಕಡೆ ತಿರುಗಿದರು. "ಬರೋವಾಗ ನೋಡೋಕೆ ಧೈರ್ಯ ಆಗಲಿಲ್ಲ. ಅಲ್ಲಿ ಹೋಗಿ ನಿಂತ್ರೆ, ಎಷ್ಟೊಂದು ಜೀವ ಅದರೊಳಗೆ. ಬರ್ತಾವೆ, ಹೋಗ್ತಾವೆ, ಕಿತ್ತಾಡ್ತಾವೆ, ನಾರ್ತಾವೆ. ನನಗದು ಗೊತ್ತೇ ಇರಲಿಲ್ಲ ಫೆಸ್ಟಸ್. ಯಾರೂ ಹೇಳಿರಲಿಲ್ಲ."

ನಾನೂ ಕಿಟಕಿಯ ಕಡೆ ತಿರುಗಿದೆ.

"ಅವನಿಗೆ ಗಲಾಟೆ ಅಂದ್ರೆ ಇಷ್ಟ," ಎಂದರು. ಆಮೇಲೆ ಅತ್ತರು, ಬಹಳ ಹೊತ್ತಲ್ಲ. ನರ್ಸು ಎರಡನೆಯ ಸೂಜಿ ಹಿಡಿದು ಬಂದವಳು ಬಾಗಿಲಲ್ಲೇ ನಿಂತು, ಓಮಾ ಮೂಗು ಒರೆಸಿಕೊಳ್ಳುವವರೆಗೆ ಕಾದಳು.

ಹಿಲ್ಯಾ ಹೇಳಿದಂತೆಯೇ ಎಲ್ಲವನ್ನೂ ಪುಸ್ತಕದಲ್ಲಿ ಬರೆದಳು. ಹೊರಗಿನವನನ್ನು ಇಳಿಸಿದ್ದಕ್ಕೆ, ಅವನಿಗೆ ಗಾಯವಾದದ್ದಕ್ಕೆ ಅವಳಿಗೊಂದು ಎಚ್ಚರಿಕೆ ಪತ್ರ ಬಂತು. ಸುದ್ದಿ ತಿಳಿದು ನಮ್ಮ ಸಂಘದವರೂ ಒಂದು ಪತ್ರ ಬರೆದರು. ಮೂರು ಹಾಳೆ. ಲೂಕ್ರೇಸಿಯಾ ಹೇಳಿದ್ದು, ಶಾಲೆಯ ಮೇಡಂ ಬರೆದದ್ದು. ತಪ್ಪಾಗಿದ್ದರೆ ಅದು ಹದಿನಾಲ್ಕು ಹೆಂಗಸರದ್ದು, ಒಬ್ಬ ಹುಡುಗಿಯದಲ್ಲ ಎಂದಿತ್ತು. ಅದಕ್ಕೆ ಉತ್ತರ ಬರಲಿಲ್ಲ, ಆದರೆ ಹಿಲ್ಯಾಳ ಕೆಲಸ ಹೋಗಲಿಲ್ಲ. ಮರುವರ್ಷ ಆ ದಕ್ಷಿಣದ ತಂಡ ಕೇಪಿನ ಇಬ್ಬರು ನೌಕರರಿಗೆ ಪೂರ್ತಿ ತರಬೇತಿ ಕೊಟ್ಟಿತು, ಅದರಲ್ಲಿ ಅವಳೊಬ್ಬಳು. ಆ ಸೀಲನ್ನು ಮತ್ತೆ ಕಂಡೆಯಾ ಎಂದು ನಾನು ಫೋನಿನಲ್ಲಿ ಕೇಳಿದೆ. "ತಾತೆ, ಕತ್ತಿನ ಸುತ್ತ ಗಾಯದ ಗುರುತಿರೋವು ನೂರಾರು ಇವೆ. ಅದೇ ಇರಬಹುದು ಅಂತ ದಿನಕ್ಕೊಂದನ್ನ ನೋಡ್ತೀನಿ," ಎಂದಳು.

ನನ್ನ ಉಂಗುರ ಬೆರಳು ಅರ್ಧ ಮಾತ್ರ ಮಡಚುತ್ತದೆ. ಸ್ಟೇರಿಂಗ್ ಹಿಡಿಯಲು ಅಷ್ಟು ಸಾಕು.

ಓಮಾ ಅಲ್ವೀನಾ ಆಮೇಲೆ ಕಡಲಿಗೆ ಹೋಗಲಿಲ್ಲ. ನೋಡಿಯಾಯ್ತಲ್ಲ ಎಂದರು. ಆದರೆ ಗೆರ್ಸನ್‌ನ ಮಾತು ಈಗ ಅವರ ಬಾಯಲ್ಲಿ ತಾನಾಗಿ ಬರುತ್ತದೆ. ಹೋದ ತಿಂಗಳು ಅವರನ್ನು ಉಯಿಸ್‌ಗೆ ಕರೆದುಕೊಂಡು ಹೋಗುವಾಗ, ಯಾವ ಮಾತಿನಿಂದಲೋ ಯಾವ ಮಾತಿಗೋ ಬಂದು, ಅವನು ಹಡಗಿಗೆ ಸೇರಿದ ಹೊಸತರ ಕಥೆ ತೆಗೆದರು. ಕೆಲಸ ಸಿಗಲೆಂದು ತನಗೆ ಅಡುಗೆ ಬರುತ್ತದೆ ಎಂದು ಸುಳ್ಳು ಹೇಳಿದ್ದನಂತೆ. ನಾಳೆ ಬೆಳಗ್ಗೆ ಹಡಗು ಬಿಡುತ್ತದೆ, ಇಪ್ಪತ್ತು ಜನಕ್ಕೆ ಬ್ರೆಡ್ಡು ಮಾಡಬೇಕು. ಬಂದರಿನಿಂದ ಪಕ್ಕದ ಮನೆಗೆ ಫೋನು ಮಾಡಿ ಅಮ್ಮನನ್ನು ಕರೆಸಿದ.

"ಅರ್ಧ ಗಂಟೆ ಹೇಳಿದೆ. ಹಿಟ್ಟು ಇಷ್ಟು, ನೀರು ಇಷ್ಟು, ಇಷ್ಟು ಹೊತ್ತು ನಾದು. ಎಲ್ಲ ಬರ್ಕೊಂಡ. ಹುಳಿ ಹಿಟ್ಟು ಹಾಕು ಅಂತ ಹೇಳೋದನ್ನೇ ಮರೆತೆ ನಾನು. ಇವನಾದರೂ ಕೇಳಬಾರದಾ? ಕೇಳಲಿಲ್ಲ. ಕಲ್ಲಾಯ್ತಂತೆ. ಸುತ್ತಿಗೆ ತಗೊಂಡು ಒಡೆಯೋಕೆ ನೋಡಿದ್ರಂತೆ, ಆಗಲಿಲ್ಲ." ಹೇಳುತ್ತ ಹೇಳುತ್ತ ನಗು ತಡೆಯಲಾರದೆ ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡರು. "ಆಮೇಲೆ ಆ ಹಡಗಿನವರು ಅವನನ್ನ ಹೆಸರು ಹಿಡಿದು ಕರೀಲೇ ಇಲ್ಲ. ಲಂಗರು ಅಂತಿದ್ರಂತೆ. ಏ ಲಂಗರು, ಇವತ್ತೇನು ಅಡುಗೆ ಅಂತ."

ನಾನು ನಗುತ್ತ ಗಾಡಿ ನಿಧಾನ ಮಾಡಿದೆ. ರಸ್ತೆಗೆ ಅಡ್ಡವಾಗಿ ಯಾರದೋ ಕತ್ತೆಗಳು ನಿಂತಿದ್ದವು.

"ಮುಂದೆ ಕೇಳು," ಎಂದರು ಓಮಾ ಅಲ್ವೀನಾ ಕಣ್ಣೊರೆಸಿಕೊಂಡು. "ಎರಡನೇ ದಿನ ಇವನು ಏನು ಮಾಡಿದ ಅಂದ್ರೆ..."